ಸರಾಸರಿ ಗೊತ್ತಿದ್ದಾಗ ಬಿಟ್ಟುಹೋದ ಸಂಖ್ಯೆಯನ್ನು ಹುಡುಕುವುದು: ಮಕ್ಕಳಿಗೆ ಹೇಳಿಕೊಡುವ ಬಗೆ

ಐದು ಕಿರುಪರೀಕ್ಷೆಗಳಲ್ಲಿ ಒಬ್ಬ ವಿದ್ಯಾರ್ಥಿಯ ಸರಾಸರಿ ಅಂಕ 19. ಪ್ರತಿ ಪರೀಕ್ಷೆಗೂ 25 ಅಂಕ. ನಾಲ್ಕರಲ್ಲಿ ಬಂದದ್ದು 18, 21, 13 ಮತ್ತು 20, ಐದನೆಯದರಲ್ಲಿ ಎಷ್ಟು? ಸರಾಸರಿಯ ಸೂತ್ರವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲ ಮಕ್ಕಳು ಈ ಲೆಕ್ಕದ ಮುಂದೆ ತಡವರಿಸುವುದನ್ನು ಆರು, ಏಳನೆಯ ತರಗತಿಗೆ ಪಾಠ ಹೇಳಿದವರೆಲ್ಲ ಕಂಡಿರುತ್ತಾರೆ. ಕೆಲವರು ಗೊತ್ತಿರುವ ನಾಲ್ಕನ್ನು ಕೂಡಿ ನಾಲ್ಕರಿಂದ ಭಾಗಿಸಿ 18 ಎನ್ನುತ್ತಾರೆ. ಕೆಲವರು ಲೆಕ್ಕದಲ್ಲೇ ಇರುವ 19ನ್ನು ಎತ್ತಿ ಬರೆಯುತ್ತಾರೆ. ಇನ್ನು ಕೆಲವರಿಗೆ 4 ಬರುತ್ತದೆ. ಸರಿಯುತ್ತರ 23. ಈ ಮೂರು ತಪ್ಪುಗಳ ಪೈಕಿ ಕೊನೆಯದು ಬಹಳ ಬೆಲೆಯುಳ್ಳದ್ದು. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಮೊದಲ ದಿನ ಸೂತ್ರವೂ ಬೇಡ, ಕರಿಹಲಗೆಯೂ ಬೇಡ. ನಾಲ್ಕು ಬಟ್ಟಲುಗಳನ್ನೂ ಒಂದು ಹಿಡಿ ಹುಣಸೆಬೀಜವನ್ನೂ ಮಗುವಿನ ಮುಂದೆ ಇಡಬೇಕು. ಬಟ್ಟಲುಗಳಲ್ಲಿ ಕ್ರಮವಾಗಿ 3, 7, 2 ಮತ್ತು 8 ಬೀಜ ಹಾಕಿ, ನಾಲ್ಕರಲ್ಲೂ ಒಂದೇ ಸಮನಾಗಿ ಇರುವಂತೆ ಮಾಡಲು ಹೇಳಿದರೆ, ಸಾಮಾನ್ಯವಾಗಿ ಮಗು ಕೂಡಿಸುವ ಗೋಜಿಗೇ ಹೋಗುವುದಿಲ್ಲ. 8 ಇರುವ ಬಟ್ಟಲಿನಿಂದ ತೆಗೆದು 2 ಇರುವುದಕ್ಕೆ ಹಾಕುತ್ತದೆ, 7ರಿಂದ ತೆಗೆದು 3ಕ್ಕೆ ಹಾಕುತ್ತದೆ, ಎಲ್ಲವೂ ಐದೈದಾದಾಗ ಕೈ ನಿಲ್ಲಿಸುತ್ತದೆ. ಸರಾಸರಿ ಎಂದರೆ ಹೀಗೆ ಏರುತಗ್ಗುಗಳನ್ನು ಸಮಮಾಡಿದಾಗ ನಿಲ್ಲುವ ಮಟ್ಟ ಎಂಬುದನ್ನು ಆ ಹೊತ್ತಿನಲ್ಲೇ ಹೇಳಬೇಕು. ಜೊತೆಗೆ, ಬಟ್ಟಲಿಂದ ಬಟ್ಟಲಿಗೆ ಬೀಜಗಳು ಎಷ್ಟೇ ಓಡಾಡಿದರೂ ಒಟ್ಟು 20 ಬೀಜಗಳಲ್ಲಿ ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ ಎಂಬುದನ್ನು ಮಗುವಿನಿಂದಲೇ ಎಣಿಸಿ ಹೇಳಿಸಬೇಕು. ಮುಂದಿನ ಪಾಠವೆಲ್ಲ ನಿಂತಿರುವುದು ಈ ಎಣಿಕೆಯ ಮೇಲೆ.

ಈಗ ಬೀಜಗಳನ್ನು ಮೊದಲಿದ್ದಂತೆ ಹಾಕಿ, ನಾಲ್ಕನೆಯ ಬಟ್ಟಲಿಗೆ ತಟ್ಟೆ ಮುಚ್ಚಿ, ‘ಸಮಮಾಡಿದರೆ ಐದೈದು ಬರುತ್ತದೆ, ಮುಚ್ಚಿದ್ದರಲ್ಲಿ ಎಷ್ಟಿವೆ?’ ಎಂದು ಕೇಳಬೇಕು. ‘ಐದೈದು ಅಂದರೆ ನಾಲ್ಕು ಐದಲಿ ಇಪ್ಪತ್ತು, ಕಾಣುತ್ತಿರುವುದು ಹನ್ನೆರಡು, ಹಾಗಾದರೆ ಮುಚ್ಚಿದ್ದರಲ್ಲಿ ಎಂಟು’ ಎಂದು ಮಗು ತಾನಾಗಿ ಹೇಳುವವರೆಗೂ ಸಂಖ್ಯೆಗಳನ್ನು ಬದಲಿಸುತ್ತ ಈ ಆಟವನ್ನು ಮುಂದುವರಿಸಬಹುದು. ತಟ್ಟೆ ತೆಗೆದು ಎಣಿಸಿ ನೋಡುವ ಅವಕಾಶವನ್ನು ಮಾತ್ರ ತಪ್ಪಿಸಬಾರದು, ಏಕೆಂದರೆ ಉತ್ತರ ಸರಿಯೋ ತಪ್ಪೋ ಎಂದು ಮೇಷ್ಟರ ಮುಖ ನೋಡುವ ಅಭ್ಯಾಸ ತಪ್ಪುವುದು ಅಲ್ಲಿಯೇ.

ಈ ಸಮಮಾಡುವ ಯೋಚನೆ ಹಳೆಯದು. ಎರಡನೆಯ ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ, ಅಂಚು ನೆಟ್ಟಗಿಲ್ಲದ ಹೊಂಡವನ್ನು ಮೂರು ಕಡೆ ಅಳೆದಾಗ ಉದ್ದ 10, 11, 12 ಮೊಳ, ಅಗಲ 6, 5, 7 ಮೊಳ, ಆಳ 2, 4, 3 ಮೊಳ ಬಂದರೆ ಅದರ ಘನಫಲ ಎಷ್ಟು ಎಂದು ಕೇಳುತ್ತಾರೆ. ಒಂದೊಂದು ಅಳತೆಯನ್ನೂ ಕೂಡಿ, ಅಳೆದ ಜಾಗಗಳ ಸಂಖ್ಯೆಯಿಂದ ಭಾಗಿಸಿದರೆ 11, 6 ಮತ್ತು 3. ಗುಣಿಸಿದರೆ 198 ಘನಮೊಳ. ಹೀಗೆ ಸಿಗುವ ಅಳತೆಗೆ ಅವರ ಹೆಸರು ಸಮಮಿತಿ. (ಇಂದಿನ ನಮ್ಮ ಪಠ್ಯಪುಸ್ತಕಗಳಲ್ಲಿ ಸಮಮಿತಿ ಎಂದರೆ ಚಿಟ್ಟೆಯ ಎರಡು ರೆಕ್ಕೆಗಳಂತೆ ಎಡಬಲ ಹೊಂದುವುದು, ಮಕ್ಕಳಿಗೆ ಗೊಂದಲವಾಗದಂತೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಇದೇ ಹೊಂಡವನ್ನು ತಿರುಗಿಸಿ, ಸರಾಸರಿ ಆಳ 3 ಮೊಳ, ಎರಡು ಕಡೆಯ ಆಳ 2 ಮತ್ತು 4, ಮೂರನೆಯ ಕಡೆ ಅಳೆದವನು ಬರೆದಿಡಲು ಮರೆತ, ಆ ಆಳ ಎಷ್ಟು ಎಂದು ಕೇಳಿದರೆ ನಮಗೆ ಬೇಕಾದ ಲೆಕ್ಕ ಸಿದ್ಧ.

ಬೀಜದಾಟ ಕೈಗೆ ಹತ್ತಿದ ಮೇಲೆ ಪುಸ್ತಕಕ್ಕೆ ಬರಬೇಕು. ‘ಸರಾಸರಿ 19’ ಎಂಬ ಮಾತು ಕಂಡ ಕೂಡಲೇ ಅದರ ಪಕ್ಕದಲ್ಲಿ ‘ಒಟ್ಟು 19 × 5 = 95’ ಎಂದು ಬರೆಯುವುದನ್ನು ರೂಢಿ ಮಾಡಿಸಬೇಕು; ಬೇರೆ ಏನನ್ನೂ ಓದುವ ಮೊದಲೇ ಇದನ್ನು ಬರೆಯಬೇಕು. ಆಮೇಲೆ ತಿಳಿದಿರುವ ನಾಲ್ಕರ ಮೊತ್ತ 72, ಕಳೆದರೆ 23. ಮಾಡಬೇಕಾದ ಕೆಲಸ ಇಷ್ಟೇ. ಎಕ್ಸ್ ಎಂಬ ಅಕ್ಷರವನ್ನು ಈ ಹಂತದಲ್ಲಿ ತರುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಸಮೀಕರಣ ಬಿಡಿಸುವ ಕಷ್ಟವೂ ಸರಾಸರಿಯನ್ನು ಹಿಮ್ಮುಖವಾಗಿ ಯೋಚಿಸುವ ಕಷ್ಟವೂ ಒಂದೇ ಸಲ ತಲೆಯ ಮೇಲೆ ಕುಳಿತರೆ, ಮಗು ಎಡವಿದ್ದು ಎಲ್ಲಿ ಎಂದು ನಮಗೂ ತಿಳಿಯುವುದಿಲ್ಲ.

ಈಗ 4 ಎಂದ ಮಗುವಿನ ವಿಚಾರ. ಅದು 19ನ್ನು ಐದರಿಂದ ಗುಣಿಸುವ ಬದಲು ಕಣ್ಣಿಗೆ ಕಾಣುವ ನಾಲ್ಕು ಸಂಖ್ಯೆಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದೆ: 76ರಲ್ಲಿ 72 ಕಳೆದು 4. ಅಡ್ಡಗೆರೆ ಎಳೆದು ಸೊನ್ನೆ ಕೊಡುವ ಮೊದಲು, ಈ 4 ಏನನ್ನು ಹೇಳುತ್ತಿದೆ ಎಂದು ಮಗುವನ್ನೇ ಕೇಳಬೇಕು. ನಾಲ್ಕು ಪರೀಕ್ಷೆಗಳಲ್ಲೂ 19 ಬಂದಿದ್ದರೆ 76 ಆಗಬೇಕಿತ್ತು, ಆದದ್ದು 72, ಅಂದರೆ ಆ ನಾಲ್ಕು ಪರೀಕ್ಷೆಗಳು ಸೇರಿ 4 ಅಂಕಗಳ ಬಾಕಿ ಉಳಿಸಿವೆ. ಆ ಬಾಕಿಯನ್ನು ತೀರಿಸುವ ಹೊಣೆ ಐದನೆಯ ಪರೀಕ್ಷೆಯದು. ಅದು ತನ್ನ ಪಾಲಿನ 19ನ್ನೂ ತರಬೇಕು, ಉಳಿದವರ 4ನ್ನೂ ತರಬೇಕು, ಒಟ್ಟು 23. ಹೀಗೆ ನೋಡಿದರೆ ಮಗುವಿನ ಉತ್ತರ ಅರ್ಧ ದಾರಿಗೆ ಬಂದು ನಿಂತಿರುವ ಸರಿಯುತ್ತರವೇ ಆಗಿದೆ.

ಬಾಕಿಯ ಈ ದಾರಿಯಿಂದ ಬಾಯಿಲೆಕ್ಕಕ್ಕೂ ಬಹಳ ಅನುಕೂಲ. 18 ಎಂದರೆ ಒಂದು ಕಡಿಮೆ, 21 ಎಂದರೆ ಎರಡು ಹೆಚ್ಚು, 13 ಎಂದರೆ ಆರು ಕಡಿಮೆ, 20 ಎಂದರೆ ಒಂದು ಹೆಚ್ಚು. ಏಳು ಕಡಿಮೆಗೆ ಮೂರು ಹೆಚ್ಚನ್ನು ವಜಾ ಮಾಡಿದರೆ ನಾಲ್ಕು ಬಾಕಿ. ದೊಡ್ಡ ಸಂಖ್ಯೆಗಳನ್ನು ಕೂಡುವ ಕೆಲಸವೇ ಇಲ್ಲ. ಹೆಚ್ಚೇ ಉಳಿದಿದ್ದರೆ ಬಿಟ್ಟುಹೋದ ಸಂಖ್ಯೆ ಸರಾಸರಿಗಿಂತ ಅಷ್ಟು ಕಡಿಮೆಯಿರಬೇಕು. ಮನೆಯಲ್ಲಿ ಹಸು ಸಾಕಿ ಡೇರಿಗೆ ಹಾಲು ಹಾಕುವವರ ಮಕ್ಕಳಿಗೆ ಇದನ್ನು ಲೀಟರಿನಲ್ಲಿ ಕೇಳಬಹುದು: ಏಳು ದಿನದ ಸರಾಸರಿ 6 ಲೀಟರ್, ಆರು ದಿನ ಹಾಕಿದ್ದು 5, 6, 7, 8, 6, 6, ಒಂದು ದಿನದ ಚೀಟಿ ಕಳೆದುಹೋಗಿದೆ. ಎರಡು ಲೀಟರ್ ಹೆಚ್ಚಾಗಿರುವುದರಿಂದ ಕಳೆದ ಚೀಟಿಯಲ್ಲಿ ಇದ್ದದ್ದು 4 ಲೀಟರ್. ಹಾಲನ್ನೇ ಹಾಕದ ದಿನವಿದ್ದರೆ ಅದನ್ನು ಸೊನ್ನೆ ಎಂದು ಸೇರಿಸಿಯೇ ಏಳರಿಂದ ಗುಣಿಸಬೇಕು ಎಂಬ ಮಾತನ್ನೂ ಇಲ್ಲಿಯೇ ಹೇಳಬಹುದು. ಸೊನ್ನೆ ಎಂದರೆ ಏನೂ ಇಲ್ಲ, ಆದ್ದರಿಂದ ಎಣಿಕೆಗೂ ಇಲ್ಲ ಎಂದು ಮಕ್ಕಳು ಭಾವಿಸುವುದುಂಟು.

ಇಷ್ಟಾದ ಮೇಲೆ ಕ್ರಿಕೆಟ್‌ಗೆ ಹೋಗಲೇಬೇಕು, ಏಕೆಂದರೆ ಬಿಟ್ಟುಹೋದ ಸಂಖ್ಯೆಯ ಲೆಕ್ಕಕ್ಕೆ ಡೊನಾಲ್ಡ್ ಬ್ರಾಡ್ಮನ್ನರ ಕೊನೆಯ ಟೆಸ್ಟ್ ಇನಿಂಗ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1948ರ ಆಗಸ್ಟ್ 14ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಅವರು ಬ್ಯಾಟು ಹಿಡಿದು ಇಳಿದಾಗ ಅವರ ಖಾತೆಯಲ್ಲಿ 6,996 ರನ್‌ಗಳಿದ್ದವು. ಅಲ್ಲಿಯವರೆಗೆ ಅವರು ಔಟಾಗಿದ್ದು 69 ಸಲ. ಆ ಇನಿಂಗ್ಸ್‌ನಲ್ಲಿ ಔಟಾದರೆ 70 ಸಲವಾಗುತ್ತದೆ. ಸರಾಸರಿ ಸರಿಯಾಗಿ 100 ಆಗಲು ಎಷ್ಟು ರನ್ ಬೇಕಿತ್ತು? ಮೊದಲು ಒಟ್ಟನ್ನು ಬರೆಯಬೇಕು: 100 × 70 = 7,000. ಇರುವುದು 6,996. ಬೇಕಿದ್ದದ್ದು 4, ಅಂದರೆ ಒಂದೇ ಒಂದು ಬೌಂಡರಿ. ಎರಿಕ್ ಹಾಲಿಸ್ ಎಸೆದ ಎರಡನೆಯ ಚೆಂಡಿಗೇ ಅವರು ಸೊನ್ನೆಗೆ ಬೌಲ್ಡಾದರು, ಸರಾಸರಿ 99.94ಕ್ಕೆ ನಿಂತಿತು. ಮಕ್ಕಳು ಈ ಲೆಕ್ಕದಲ್ಲಿ ಒಂದು ಕಡೆ ಎಡವುತ್ತಾರೆ: ಅವರು ಆಡಿದ ಇನಿಂಗ್ಸ್ ಒಟ್ಟು 80, ಅದರಲ್ಲಿ 10 ಸಲ ನಾಟೌಟ್, ಬ್ಯಾಟಿಂಗ್ ಸರಾಸರಿಗೆ ಭಾಗಿಸುವುದು ಔಟಾದ ಸಲಗಳಿಂದ. ಯಾವುದರಿಂದ ಭಾಗಿಸಿ ಈ ಸರಾಸರಿ ಬಂದಿದೆಯೋ ಅದರಿಂದಲೇ ಗುಣಿಸಬೇಕು ಎಂಬ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ತಪ್ಪಾಗಿ 80ರಿಂದ ಗುಣಿಸಿದ ಮಗುವಿಗೆ ಬ್ರಾಡ್ಮನ್ ಕೊನೆಯ ಇನಿಂಗ್ಸ್‌ನಲ್ಲಿ 1,004 ರನ್ ಹೊಡೆಯಬೇಕಾಗುತ್ತದೆ ಎಂದು ತೋರಿಸಿದರೆ ಸಾಕು.

ಕನ್ನಡದ ಮಕ್ಕಳು ದ್ರಾವಿಡ್ ಯಾಕೆ ಬೇಡ ಎಂದು ಕೇಳಿದರೆ ಅವರಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. ಟೆಸ್ಟ್‌ಗಳಲ್ಲಿ ರಾಹುಲ್ ದ್ರಾವಿಡ್ 286 ಇನಿಂಗ್ಸ್ ಆಡಿ, 32 ಸಲ ನಾಟೌಟಾಗಿ, 52.31ರ ಸರಾಸರಿ ಪಡೆದರು. ಔಟಾದದ್ದು 254 ಸಲ. ಗುಣಿಸಿದರೆ 13,286.74 ಬರುತ್ತದೆ, ಆದರೆ ಅವರ ರನ್ನುಗಳು 13,288. ಒಂದೂಕಾಲು ರನ್ ಎಲ್ಲಿ ಹೋಯಿತು? ದಶಾಂಶದ ಎರಡನೆಯ ಸ್ಥಾನಕ್ಕೆ ಸರಾಸರಿಯನ್ನು ಕತ್ತರಿಸಿದಾಗ ಹೋಯಿತು. ಕತ್ತರಿಸಿ ಉಳಿಸಿದ ಸರಾಸರಿಯಿಂದ ಮೊತ್ತಕ್ಕೆ ಹಿಂದಿರುಗಿದರೆ ಹತ್ತಿರದ ಉತ್ತರ ಸಿಗುತ್ತದೆಯೇ ಹೊರತು ಕರಾರುವಾಕ್ಕಾದ ಉತ್ತರ ಸಿಗುವ ಖಾತರಿಯಿಲ್ಲ. ಲೆಕ್ಕ ಕಟ್ಟುವ ಶಿಕ್ಷಕರೂ ಇದನ್ನು ಗಮನಿಸಬೇಕು: ಸರಾಸರಿ ಪೂರ್ಣಸಂಖ್ಯೆಯಾಗಿಯೋ ಅರ್ಧ, ಕಾಲುಗಳಲ್ಲಿಯೋ ಮುಗಿಯುವಂತೆ ಸಂಖ್ಯೆಗಳನ್ನು ಆರಿಸಿಕೊಳ್ಳದಿದ್ದರೆ ಮಗುವಿನ ಸರಿಯಾದ ಕ್ರಮಕ್ಕೂ ತಪ್ಪು ಉತ್ತರ ಬಂದೀತು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಸುಲಭವಾಗಿ ಸಿಗುವುದರಿಂದ ಅನೇಕರು ಅದನ್ನೇ ಉದಾಹರಣೆಗೆ ಹಿಡಿಯುತ್ತಾರೆ. ಹಿಡಿಯಬಹುದು, ಆದರೆ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು, ಒಟ್ಟು 625 ಎಂಬುದನ್ನು ಮರೆಯಬಾರದು. ಆರು ವಿಷಯಗಳ ಸರಾಸರಿ 90 ಎಂದರೆ ಒಟ್ಟು 540. ಶೇಕಡಾ ಲೆಕ್ಕದಲ್ಲಿ ಅದು 86.4 ಮಾತ್ರ. ಸರಾಸರಿಯೂ ಶೇಕಡಾವಾರೂ ಒಂದೇ ಎಂದು ನಂಬಿದ ಮಗು ಬಿಟ್ಟುಹೋದ ವಿಷಯದ ಅಂಕವನ್ನು ಖಂಡಿತ ತಪ್ಪಾಗಿ ಹೇಳುತ್ತದೆ.

ಉತ್ತರವೇ ಇಲ್ಲದ ಲೆಕ್ಕವನ್ನೂ ನಡುನಡುವೆ ಕೊಡುತ್ತಿರಬೇಕು. ಮೊದಲಿನ ಅದೇ ನಾಲ್ಕು ಅಂಕಗಳನ್ನಿಟ್ಟು, ಸರಾಸರಿಯನ್ನು 21ಕ್ಕೆ ಏರಿಸಲು ಐದನೆಯ ಪರೀಕ್ಷೆಯಲ್ಲಿ ಎಷ್ಟು ಬೇಕು ಎಂದು ಕೇಳಿದರೆ, 105ರಲ್ಲಿ 72 ಕಳೆದು 33 ಎಂದು ಬಹುತೇಕ ಮಕ್ಕಳು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಪರೀಕ್ಷೆ ಇದ್ದದ್ದೇ 25 ಅಂಕಗಳಿಗೆ. ನನ್ನ ಬಳಿ ಕಲಿಯುತ್ತಿದ್ದ ಒಬ್ಬಳು ಮಾತ್ರ 33 ಎಂದು ಬರೆದು, ಪೆನ್ಸಿಲ್ ಕಚ್ಚುತ್ತ ಸ್ವಲ್ಪ ಹೊತ್ತು ನೋಡಿ, ‘ಇದು ಆಗಲ್ಲ ಅಲ್ವಾ ಮಿಸ್?’ ಎಂದಳು. ಹಾಗಾದರೆ ಎಷ್ಟರವರೆಗೆ ಆಗುತ್ತದೆ ಎಂದು ಕೇಳಿದೆ. ಅವಳು 72ಕ್ಕೆ 25 ಸೇರಿಸಿ 97 ಮಾಡಿ, ಐದರಿಂದ ಭಾಗಿಸಿ, 19.4ಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ ಎಂದು ಬರೆದುಕೊಟ್ಟಳು.