ಬೆಳ್ಳಿ ಕತ್ತಿಗಿಂತ ಮೊದಲು ಸುಳಿವು ಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದರೆ ಡೈಸ್ ಉರುಳಿಸುತ್ತಾ ಎಲ್ಲರೂ ಸೇರಿ ಕಥೆ ಕಟ್ಟುವ ಆಟ. ಅದನ್ನು ಹಳೇ ನಿಯಮಗಳಲ್ಲಿ ಆಡಿಸುವವರಿಗೆಲ್ಲ ಈ ಘಟ್ಟ ಬಂದೇ ಬರುತ್ತದೆ. ಆಟಗಾರ ಡೈಸ್ ಉರುಳಿಸುತ್ತಾನೆ, ಏಟು ಸರಿಯಾಗಿ ಬೀಳುತ್ತದೆ, ಖುಷಿಯಿಂದ ಡ್ಯಾಮೇಜ್ ಲೆಕ್ಕ ಹೇಳುತ್ತಾನೆ. ಡಿಎಂ, ಅಂದರೆ ಆಟ ನಡೆಸುವವರು, "ಏನೂ ಆಗಲಿಲ್ಲ" ಅನ್ನಬೇಕಾಗುತ್ತದೆ. ಯಾಕೆಂದರೆ ಎದುರಿಗಿರುವುದು ತೋಳಮನುಷ್ಯ, ಅದಕ್ಕೆ ಬೆಳ್ಳಿಯ ಆಯುಧವೇ ಬೇಕು. ಆಗ ಆಟಗಾರನಿಗೆ ಕುತೂಹಲ ಹುಟ್ಟಬೇಕು, ಬೇಜಾರಲ್ಲ. ಚಿಕ್ಕಮಗಳೂರಿನ ನಮ್ಮ ಗುಂಪಿನಲ್ಲಿ ಅದಕ್ಕಾಗಿ ನಾನು ಏನೇನು ಮಾಡಿದೆ ಅಂತ ಹೇಳುತ್ತೇನೆ.

ಗುಂಪು ಚಿಕ್ಕದು. ಒಬ್ಬ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಇನ್ನೊಬ್ಬ ಹಾರ್ಡ್‌ವೇರ್ ಅಂಗಡಿಯವನು. ಒಬ್ಬಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮತ್ತೊಬ್ಬ ಹಾಸನದಿಂದ ಬಸ್ಸಿನಲ್ಲಿ ಬರುತ್ತಾನೆ. ಜೋರು ಮಳೆ ಹಿಡಿದು ತೋಟದ ಕೆಲಸ ನಿಂತಾಗ ನಮ್ಮ ಆಟ ಜಾಸ್ತಿ.

ಮೊದಲು ನಿಯಮ ನೋಡೋಣ. ಆಟದ ಜೀವಿಗಳ ಪುಸ್ತಕವಾದ 1977ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲೇ ಬೆಳ್ಳಿಗೋ ಮಂತ್ರದ ಆಯುಧಕ್ಕೋ ಮಾತ್ರ ಬಗ್ಗುವ ಜೀವಿಗಳಿದ್ದವು. 2003ರ 3.5 ಆವೃತ್ತಿ ಇದನ್ನು ಬಹಳ ಬೆಳೆಸಿತು. ತೋಳಮನುಷ್ಯನಿಗೆ ಬೆಳ್ಳಿ, ಕಾಡಿನ ಮಾಯಾಜನಕ್ಕೆ ಕೋಲ್ಡ್ ಐರನ್ ಅನ್ನುವ ಕಬ್ಬಿಣ, ಮಂತ್ರದಿಂದ ಓಡಾಡುವ ಕಲ್ಲಿನ ಗೊಂಬೆ ಗೋಲೆಮ್‌ಗೆ ಅಡಮಂಟೀನ್ ಅನ್ನುವ ಲೋಹ. ಎಲುಬುಗೂಡಿಗೆ ಗದೆ, ಜೋಂಬಿಗೆ ಕತ್ತಿ. ಸರಿಯಾದ ಆಯುಧ ಇಲ್ಲದಿದ್ದರೆ ಪ್ರತಿ ಏಟಿನಲ್ಲೂ ಇಷ್ಟು ಅಂತ ಕಳೆಯಬೇಕು. ಹುಟ್ಟಾ ತೋಳಮನುಷ್ಯನಾದರೆ 10. ಎಂಟು ಮುಖದ ಡೈಸ್‌ನಲ್ಲಿ 8 ಬಿದ್ದು, ತೋಳ್ಬಲದ 3 ಸೇರಿ 11 ಆದರೂ ಅದಕ್ಕೆ ತಾಗುವುದು ಬರೀ 1. ಹಾಗಾಗಿ ಆ ಕಾಲದ ಆಟಗಾರರು ಒಂದೊಂದು ಲೋಹದ್ದೂ ಒಂದೊಂದು ಆಯುಧ ಹೊತ್ತುಕೊಂಡು ತಿರುಗುತ್ತಿದ್ದರು. ರಾಕ್ಷಸ ಕಂಡ ತಕ್ಷಣ ಚೀಲಕ್ಕೆ ಕೈ ಹಾಕಿ ಸರಿಯಾದದ್ದನ್ನು ತೆಗೆದರೆ ಮುಗಿಯಿತು.

2014ರ ಐದನೇ ಆವೃತ್ತಿ ಲೆಕ್ಕ ಸುಲಭ ಮಾಡಿತು. ಜೀವಿಗೆ ರೆಸಿಸ್ಟೆನ್ಸ್ ಇದ್ದರೆ ತಾಗುವ ಏಟು ಅರ್ಧ, ಇಮ್ಯೂನಿಟಿ ಇದ್ದರೆ ಸೊನ್ನೆ, ದೌರ್ಬಲ್ಯ ಇದ್ದರೆ ಎರಡರಷ್ಟು. ಆದರೆ ಯಾವುದೇ ಮಂತ್ರದ ಕತ್ತಿ ಸಿಕ್ಕರೂ ತೋಳಮನುಷ್ಯನ ಇಮ್ಯೂನಿಟಿ ಕೆಲಸಕ್ಕೆ ಬರುತ್ತಿರಲಿಲ್ಲ. ಒಂದೆರಡು ಸಾಹಸ ಮುಗಿಸಿದ ಗುಂಪಿಗೆ ಬೆಳ್ಳಿ ಬೇಕಾಗುತ್ತಲೇ ಇರಲಿಲ್ಲ. ಇದೇ ಥರದ ಇನ್ನೊಂದು ಆಟ, 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ರೆಸಿಸ್ಟೆನ್ಸಿಗೂ ಒಂದು ಅಂಕಿ, ದೌರ್ಬಲ್ಯಕ್ಕೂ ಒಂದು ಅಂಕಿ. ಒಂದನ್ನು ಕಳೆಯಬೇಕು, ಇನ್ನೊಂದನ್ನು ಕೂಡಿಸಬೇಕು, ಅಷ್ಟೇ.

ನಿಜ ಹೇಳಬೇಕೆಂದರೆ ಈ ನಿಯಮವೆಲ್ಲ ನಮಗೆ ಹೊಸದೇನಲ್ಲ. ಪುರಾಣದಲ್ಲಿ ಇದರ ಹೆಸರು ವರ. ಹಿರಣ್ಯಕಶಿಪುವಿಗೆ ಮನುಷ್ಯನಿಂದ ಸಾವಿಲ್ಲ, ಮೃಗದಿಂದ ಸಾವಿಲ್ಲ, ಹಗಲಲ್ಲಿ ಇಲ್ಲ, ರಾತ್ರಿಯಲ್ಲಿ ಇಲ್ಲ, ಆಯುಧದಿಂದಲೂ ಇಲ್ಲ. ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ಏಳುತ್ತಾನೆ. ಜರಾಸಂಧನನ್ನು ಭೀಮ ಎರಡು ಸೀಳು ಮಾಡಿದರೂ ಸೀಳುಗಳು ಕೂಡಿಕೊಳ್ಳುತ್ತವೆ. ಆಗ ಕೃಷ್ಣ ಸುಮ್ನೆ ಒಂದು ಕಡ್ಡಿ ಸೀಳಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಎಸೆಯುತ್ತಾನೆ. ಭೀಮನಿಗೆ ಅರ್ಥವಾಗುತ್ತದೆ. ಈ ಕಥೆ ಕೇಳುವಾಗ ನಮಗೆ ಬೇಜಾರಾಗುತ್ತದಾ? ಇಲ್ಲ. ಆ ಕಡ್ಡಿಗಾಗಿಯೇ ಕಾಯುತ್ತಾ ಕೂತಿರುತ್ತೇವೆ. ನನ್ನ ಆಟಕ್ಕೂ ಅದೇ ಬೇಕು ಅನ್ನಿಸಿತು. ಅಂಗಡಿಯಲ್ಲಿ ಕೊಂಡು ಚೀಲಕ್ಕೆ ಹಾಕಿಕೊಳ್ಳುವ ಸಾಮಾನಾದರೆ ವಿಶೇಷ ಲೋಹಕ್ಕೆ ಬೆಲೆ ಇಲ್ಲ. ಅದು ಕಂಡುಹಿಡಿಯುವ ವಿಷಯ ಆಗಬೇಕು.

ಹಾಗಾಗಿ ಸೊನ್ನೆಯನ್ನು ತೆಗೆದುಹಾಕಿದೆ. ನನ್ನ ಆಟದಲ್ಲಿ ಯಾವ ಜೀವಿಗೂ ಪೂರ್ತಿ ಇಮ್ಯೂನಿಟಿ ಇಲ್ಲ. ಶುರುವಿನ ಲೆವೆಲ್‌ಗಳಲ್ಲಿ ಮಾಮೂಲಿ ಆಯುಧದ ಏಟಿನಿಂದ 5 ಕಳೆಯುತ್ತೇನೆ, ಸರಿಯಾದ ಲೋಹದ ಏಟಿಗೆ 5 ಕೂಡಿಸುತ್ತೇನೆ. ಮಂತ್ರದ ಕತ್ತಿಗೂ ವಿನಾಯಿತಿ ಇಲ್ಲ. ಅಂಕಿ ಚಿಕ್ಕದಾದ್ದರಿಂದ ಸುಳಿವು ಸಿಗದವರೂ ಹೇಗೋ ಹೋರಾಡಿ ಬದುಕಿಕೊಳ್ಳುತ್ತಾರೆ. ಸುಳಿವು ಸಿಕ್ಕವರಿಗೆ ಮಾತ್ರ ಜಗಳ ಅರ್ಧದಲ್ಲೇ ಮುಗಿಯುತ್ತದೆ.

ಎರಡನೇ ಕೆಲಸ, ಯಾವ ಲೋಹ ಅಂತ ಆರಿಸಿದ್ದು. ತೋಳಮನುಷ್ಯನಿಗೆ ಬೆಳ್ಳಿ ಅನ್ನುವುದು ನಮ್ಮ ಕಡೆಯ ನಂಬಿಕೆ ಅಲ್ಲ. ಓದಿ ತಿಳಿದವರಿಗೆ ಮಾತ್ರ ಗೊತ್ತು. ಕಬ್ಬಿಣದ ವಿಷಯ ಹಾಗಲ್ಲ. ಬಾಣಂತಿಯ ಹಾಸಿಗೆ ಪಕ್ಕ ಕತ್ತಿಯೋ ಕುಡುಗೋಲೋ ಇಡುವುದು, ಬಾಗಿಲಿಗೆ ಕುದುರೆ ಲಾಳ ಹೊಡೆಯುವುದು, ಇದನ್ನೆಲ್ಲ ಮನೆಯಲ್ಲಿ ನೋಡಿಯೇ ಬೆಳೆದಿದ್ದೇವೆ. ಅದೂ ಅಲ್ಲದೆ ನಮ್ಮ ಜಿಲ್ಲೆಯ ಮಣ್ಣಲ್ಲೇ ಕಬ್ಬಿಣ ಇದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಪುಸ್ತಕದಲ್ಲಿ ಕೋಲ್ಡ್ ಐರನ್ ಅಂದರೆ ನೆಲದ ಆಳದಿಂದ ತೆಗೆದು ಕಡಿಮೆ ಕಾವಿನಲ್ಲಿ ಬಡಿದ ಕಬ್ಬಿಣ. ನಾನು ಅದನ್ನು ಊರ ಕುಲುಮೆಯಲ್ಲಿ ಬಡಿದ ಹಳೇ ಕಬ್ಬಿಣ ಅಂತ ಮಾಡಿಕೊಂಡೆ. ಪೇಟೆಯ ಹೊಳೆಯುವ ಉಕ್ಕಿನ ಕತ್ತಿ ಲೆಕ್ಕಕ್ಕಿಲ್ಲ.

ಆ ಸಲದ ಕಥೆ ಒಂದು ತೋಟದ್ದು. ಸಂಜೆಯಾದ ಮೇಲೆ ದಾರಿಯಲ್ಲಿ ಮೋಹಿನಿ ಕಾಣಿಸಿಕೊಳ್ಳುತ್ತಾಳೆ. ಗುಂಪಿನವರು ಸಾಹುಕಾರರ ಮನೆಯಲ್ಲಿ ಉಳಿದುಕೊಂಡಿದ್ದಾರೆ. ಅವರು ಏನನ್ನೂ ಕೇಳುವ ಮೊದಲೇ ನಾನು ಮೂರು ಸುಳಿವು ಚೆಲ್ಲಿದ್ದೆ. ಮೋಹಿನಿ ಹಳೇ ಗೇಟಿನ ಕಬ್ಬಿಣದ ಸರಳುಗಳ ಹತ್ತಿರ ಸುಳಿಯುವುದಿಲ್ಲ, ಬೇಲಿ ಸುತ್ತಿ ಬರುತ್ತಾಳೆ. ಸತ್ತ ಕಾವಲುಗಾರನ ಕೈಯಲ್ಲಿದ್ದ ಮಚ್ಚಿನ ಅಂಚು ಸುಟ್ಟಂತೆ ಕಪ್ಪಾಗಿದೆ. ಮನೆಯ ಅಜ್ಜಿ ತೊಟ್ಟಿಲ ಹತ್ತಿರದಿಂದ ಎಲೆ ಅಡಿಕೆ ತಟ್ಟೆ ಎತ್ತಲು ಬಿಡುವುದಿಲ್ಲ. ಒಂದೇ ಸುಳಿವು ಇಟ್ಟರೆ ಆಟಗಾರರ ಕಣ್ಣು ತಪ್ಪುತ್ತದೆ. ಮೂರಿಟ್ಟರೆ ಒಂದಾದರೂ ಸಿಗುತ್ತದೆ.

ಜಗಳದಲ್ಲಿ ಎಸ್ಟೇಟ್ ರೈಟರ್ ಉಕ್ಕಿನ ಕತ್ತಿ ಬೀಸಿದ. 6 ಬಿತ್ತು, 3 ಸೇರಿ 9. ಐದು ಕಳೆದು ನಾಲ್ಕು. "ರೆಸಿಸ್ಟೆನ್ಸ್ ಇದೆ" ಅಂತ ನಾನು ಹೇಳುವುದಿಲ್ಲ. "ಕತ್ತಿ ಹೊಕ್ಕಿತು, ಆದರೆ ತೆಗೆಯುವಷ್ಟರಲ್ಲಿ ಗಾಯದ ಬಾಯಿ ಕೂಡಿಕೊಳ್ಳುತ್ತಿದೆ. ಅಂಚಿನಲ್ಲಿ ತುಕ್ಕು ಉಜ್ಜಿಕೊಂಡ ಜಾಗ ಮಾತ್ರ ಇನ್ನೂ ಹೊಗೆಯಾಡುತ್ತಿದೆ" ಅಂದೆ. ಎಲ್ಲರೂ ಸುಮ್ಮನಾದರು. ಲೆಕ್ಚರರ್ ಗೆಳತಿ ಥಟ್ಟನೆ ಕೇಳಿದಳು:

"ಆ ತಟ್ಟೆಯಲ್ಲಿ ಅಡಕತ್ತರಿ ಇತ್ತಾ?"

"ಇತ್ತು."

"ಅದನ್ನೇ ತರ್ತೀನಿ. ನಮ್ಮಜ್ಜಿ ಮಗು ಹತ್ರ ಅಡಕತ್ತರಿ ಇಡ್ತಿದ್ರು ಕಣೋ!"

ಅಡಕತ್ತರಿಗೆ ನಾಲ್ಕು ಮುಖದ ಡೈಸ್ ಕೊಟ್ಟೆ. 3 ಬಿತ್ತು. ದೌರ್ಬಲ್ಯದ 5 ಸೇರಿ 8. ಒಳ್ಳೆಯ ಕತ್ತಿಯ ಎರಡರಷ್ಟು ಏಟು ಅಡಿಕೆ ಕತ್ತರಿಸುವ ಸಾಮಾನಿನಿಂದ! ಹಾರ್ಡ್‌ವೇರ್ ಅಂಗಡಿಯವನು ಎದ್ದು ನಿಂತುಬಿಟ್ಟ. ಆಮೇಲೆ ಗೇಟಿನ ಸರಳು ಕಿತ್ತದ್ದು, ಅದನ್ನು ಈಟಿ ಮಾಡಿಕೊಂಡದ್ದು ಎಲ್ಲ ಅವರದೇ ಯೋಚನೆ. ನಾನು ಡೈಸ್ ಹೇಳುತ್ತಾ ಹೋದೆ, ಅಷ್ಟೇ.

ಅಡಮಂಟೀನ್ ಅನ್ನು ಮಾತ್ರ ಪೂರ್ತಿ ಕೈಬಿಟ್ಟೆ. ಕಲ್ಲನ್ನು ಕಡಿಯುವ ದುಬಾರಿ ಲೋಹ ಅನ್ನುವುದು ಬಿಟ್ಟರೆ ಅದರಲ್ಲಿ ಕಥೆಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದರ ಬದಲಿಗೆ ಬೇಲೂರು, ಹಳೇಬೀಡಿನ ಕಲ್ಲು ನೆನಪಾಯಿತು. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅಷ್ಟು ನವಿರು ಕೆತ್ತನೆ ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣ. ನನ್ನ ಪಾಳು ಗುಡಿಯ ಕಲ್ಲಿನ ಕಾವಲುಗಾರನಿಗೆ ಇದನ್ನೇ ನಿಯಮ ಮಾಡಿದೆ. ಮೈಮೇಲೆ ಎಲ್ಲಿ ಹೊಡೆದರೂ 10 ಕಳೆಯುತ್ತದೆ. ಆದರೆ ಒಂದು ಚಕ್ಕೆ ಹಾರಿದರೆ ಆ ಜಾಗ ಮುಂದಿನ ಸುತ್ತಿನವರೆಗೆ ಹಸಿ ಕಲ್ಲು. ಅಷ್ಟರೊಳಗೆ ಅದೇ ಜಾಗಕ್ಕೆ ಹೊಡೆದರೆ ಏನೂ ಕಳೆಯುವುದಿಲ್ಲ. ತಡ ಮಾಡಿದರೆ ಮತ್ತೆ ಗಟ್ಟಿ.

ಹಾಸನದ ಗೆಳೆಯ ಇದನ್ನು ಮೊದಲು ಹಿಡಿದ. ಹಳೇಬೀಡಿಗೆ ಶಾಲೆಯ ದಿನಗಳಿಂದ ಹೋಗಿ ಬಂದವನು. "ಮಾರಾಯ, ಎಲ್ಲರೂ ಮೊಣಕಾಲಿಗೇ ಹೊಡೀರಿ, ಒಬ್ಬರ ಹಿಂದೆ ಒಬ್ಬರು" ಅಂದ. ಅದುವರೆಗೆ ತಮ್ಮ ತಮ್ಮ ಸರದಿಗೆ ಕಾಯುತ್ತಾ ಫೋನ್ ನೋಡುತ್ತಿದ್ದವರೆಲ್ಲ ಒಟ್ಟಿಗೆ ಲೆಕ್ಕ ಹಾಕಲು ಶುರು ಮಾಡಿದರು. ಯಾರು ಮೊದಲು, ಚಕ್ಕೆ ಹಾರಿಸಲು ಯಾರ ಏಟು ದೊಡ್ಡದು, ಆಮೇಲೆ ಉಳಿ ಹಿಡಿದು ಯಾರು ನುಗ್ಗಬೇಕು ಅಂತ. ಇಷ್ಟೂ ವರ್ಷ ಆಡಿಸಿದ್ದರಲ್ಲಿ ನನಗೆ ತುಂಬ ಇಷ್ಟವಾದ ಜಗಳ ಅದು.

ಬೆಲೆಯ ವಿಷಯ ಬೇಗ ಹೇಳಿಬಿಡುತ್ತೇನೆ. 2014ರ ಐದನೇ ಆವೃತ್ತಿಯಲ್ಲಿ ಒಂದು ಆಯುಧಕ್ಕೋ ಹತ್ತು ಬಾಣಕ್ಕೋ ಬೆಳ್ಳಿ ಹಾಕಿಸಲು 100 ಚಿನ್ನದ ನಾಣ್ಯ ಆಗುತ್ತಿತ್ತು. ನಾನು ಬೆಲೆ ಹಾಗೇ ಇಟ್ಟು, 3.5ರ ಒಂದು ನಿಯಮ ಸೇರಿಸಿಕೊಂಡೆ. ಬೆಳ್ಳಿ ಆಯುಧದ ಡ್ಯಾಮೇಜ್‌ನಲ್ಲಿ 1 ಕಡಿಮೆ. ಬೆಳ್ಳಿ ಮೆದು ಲೋಹ, ಆಭರಣಕ್ಕೇ ತಾಮ್ರ ಬೆರೆಸುತ್ತಾರೆ, ಅಂಚು ಎಲ್ಲಿ ನಿಲ್ಲುತ್ತದೆ ಹೇಳಿ? ಬಾಣಗಳನ್ನು ಮಾತ್ರ ಎಣಿಸಿಯೇ ಕೊಡುತ್ತೇನೆ. ಬಿಟ್ಟದ್ದಕ್ಕೆಲ್ಲ ಕ್ಯಾರೆಕ್ಟರ್ ಶೀಟ್‌ನಲ್ಲಿ ಗೆರೆ ಎಳೆಯಬೇಕು.

ಈಗ ನಮ್ಮ ಕಥೆ ರಕ್ಕಸನ ಹತ್ತಿರ ಬಂದು ನಿಂತಿದೆ. ಡಿ ಅಂಡ್ ಡಿಯ ರಕ್ಕಸನಿಗೆ ಹುಲಿಯ ತಲೆ, ಹಿಂದುಮುಂದಾದ ಅಂಗೈ. 1977ರ ನಿಯಮದಲ್ಲಿ ಪುರೋಹಿತ ಹರಸಿಕೊಟ್ಟ ಅಡ್ಡಬಿಲ್ಲಿನ ಬಾಣ ಅವನನ್ನು ಕೊಲ್ಲುತ್ತಿತ್ತು. 2014ರ ನಿಯಮದಲ್ಲಿ ಚುಚ್ಚುವ ಮಂತ್ರದ ಆಯುಧ ಅವನಿಗೆ ಎರಡರಷ್ಟು ತಾಗುತ್ತದೆ, ಆದರೆ ಅದನ್ನು ಹಿಡಿದವರು ಒಳ್ಳೆಯವರಾಗಿರಬೇಕು. ಲೋಹ ಬಿಟ್ಟು ಹಿಡಿದ ಕೈಯನ್ನೇ ಕೇಳುವ ಈ ನಿಯಮವನ್ನು ಒಂದು ಅಕ್ಷರವೂ ಬದಲಿಸದೆ ಇಟ್ಟುಕೊಂಡಿದ್ದೇನೆ. ಸುಳಿವು ಗುಂಪಿಗೆ ಆಗಲೇ ಸಿಕ್ಕಿದೆ. ಹಿಂದಿನ ಊರಿನಲ್ಲಿ ಕೊಟ್ಟ ಮಾತು ಮುರಿದು ಬಂದವನು ರೈಟರ್‌ನ ಪಾತ್ರ, ಗುರಿ ಚೆನ್ನಾಗಿರುವುದೂ ಅವನದೇ. ಬಾಣ ಯಾರ ಕೈಗೆ ಕೊಡಬೇಕು ಅಂತ ವಾಟ್ಸ್‌ಆ್ಯಪ್‌ನಲ್ಲಿ ಜೋರು ಮಾತು ನಡೆದಿದೆ.