ಇಂಚಿನಲ್ಲಿ ಮಾತಾಡಿ, ಮಿಲಿಮೀಟರಿನಲ್ಲಿ ಕೊಯ್ಯಿರಿ

ಮೊದಲ ಸಲ ಮನೆಗೆ ಬಟ್ಟೆ ಬೀರು ಮಾಡಲು ಹೊರಟಾಗ ಚೀಟಿಯಲ್ಲಿ ಎತ್ತರ 5.10 ಅಂತ ಬರೆದಿಟ್ಟಿದ್ದೆ. ಐದು ಅಡಿ ಹತ್ತು ಇಂಚು ಅಂತ ನನ್ನ ಲೆಕ್ಕ. ಎರಡು ದಿನ ಬಿಟ್ಟು ಅದೇ ಚೀಟಿ ನೋಡಿಕೊಂಡು, ಒಂದು ಅಡಿಗೆ 304.8 ಎಂಎಂ ಅಲ್ವಾ ಅಂತ ಮೊಬೈಲಿನಲ್ಲಿ ಗುಣಿಸಿದೆ. 1554 ಬಂತು. ಬರಬೇಕಿದ್ದದ್ದು 1778. ಕ್ಯಾಲ್ಕುಲೇಟರಿಗೆ 5.10 ಅಂದರೂ ಒಂದೇ, 5.1 ಅಂದರೂ ಒಂದೇ. ಎರಡೂ ಪಕ್ಕದ ಹಲಗೆಗಳು ಸರಿಯಾಗಿ ಒಂದು ಗೇಣು ಗಿಡ್ಡ. ಅವು ಈಗ ಚಪ್ಪಲಿ ಸ್ಟ್ಯಾಂಡ್ ಆಗಿವೆ.

ನಮ್ಮ ದೇಶದಲ್ಲಿ ಮೆಟ್ರಿಕ್ ಕಾನೂನು ಬಂದಿದ್ದು 1956ರಲ್ಲಿ. ಆದರೂ ಇವತ್ತು ಅಂಗಡಿಗೆ ಹೋದರೆ ಪ್ಲೈವುಡ್ ಶೀಟು ಎಂಟು-ನಾಲ್ಕು ಅಡಿ, ಅದರ ದಪ್ಪ 18 ಎಂಎಂ, ಡ್ರಾ ಚಾನೆಲ್ (ಡ್ರಾಯರ್ ಜಾರುವ ಹಳಿ) 18 ಇಂಚು, ಸ್ಕ್ರೂ ಎಂಟು ನಂಬರ್ ಮತ್ತು ಉದ್ದ 35 ಎಂಎಂ. ಬಡಗಿ ಬಂದರೆ "ಎರಡು ನೂಲು ಕಮ್ಮಿ ಮಾಡಿ" ಅಂತಾರೆ. ಉತ್ತರದ ಕಡೆಯಿಂದ ಬಂದವರಾದರೆ ಅದನ್ನೇ ಸೂತ್ ಅಂತಾರೆ. ಎರಡೂ ಒಂದೇ, ಇಂಚಿನಲ್ಲಿ ಎಂಟನೇ ಒಂದು ಭಾಗ, ಅಂದರೆ ಸುಮಾರು 3.2 ಎಂಎಂ. ಹಾಗಾಗಿ ಇಂಚನ್ನು ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ಬಿಟ್ಟರೆ ಅಂಗಡಿಯಲ್ಲಿ ಮಾತೇ ಹೊರಡಲ್ಲ. ಮಾತಿಗೆ ಇಂಚು ಇರಲಿ. ಚೀಟಿಯಲ್ಲಿ ಮತ್ತು ಮರದ ಮೇಲೆ ಮಾತ್ರ ಬರೀ ಎಂಎಂ ಬರೆಯಿರಿ, ಚುಕ್ಕೆ ಇಲ್ಲದೆ. 56.4 ಸೆಂಟಿಮೀಟರ್ ಅಲ್ಲ, 564.

ಇದು ಎಲ್ಲಿ ಕೈ ಹಿಡಿಯುತ್ತೆ ಅಂದರೆ ಡ್ರಾ ಮಾಡುವಾಗ. ಬೀರುವಿನ ಹೊರ ಅಗಲ 24 ಇಂಚು ಅಂದುಕೊಳ್ಳಿ. ಇಂಚಿನಲ್ಲೇ ಲೆಕ್ಕ ಹಾಕುವವರು ಪ್ಲೈ ದಪ್ಪ ಮುಕ್ಕಾಲು ಇಂಚು ಅಂತ ಹಿಡಿದು ಎರಡು ಕಡೆಗೆ ಒಂದೂವರೆ ಕಳೀತಾರೆ, ಚಾನೆಲ್‌ಗೆ ಎರಡೂ ಕಡೆ ಅರ್ಧರ್ಧ ಇಂಚು ಬಿಡ್ತಾರೆ, ಡ್ರಾ ಅಗಲ 21½ ಇಂಚು, ಅಂದರೆ 546 ಎಂಎಂ. ಈಗ ಎಂಎಂನಲ್ಲಿ ಮಾಡಿ. ಹೊರಗೆ 610. ಪ್ಲೈ 18ರಂತೆ 36 ಕಳೆದರೆ ಒಳಗೆ 574. ಚಾನೆಲ್‌ಗೆ ಕಡೆಗೆ 13ರಂತೆ 26 ಕಳೆದರೆ ಡ್ರಾ 548. ಬರೀ 2 ಎಂಎಂ ವ್ಯತ್ಯಾಸ, ಏನು ಮಹಾ ಅನಿಸಬಹುದು. ಚಾನೆಲ್‌ಗೆ ಅದು ಮಹಾನೇ. 546ರ ಡ್ರಾ ಸಡಿಲವಾಗಿ, ಎಳೆದರೆ ಗಡಗಡ ಅನ್ನುತ್ತೆ. ಒಳಗೋಡೆಗೆ 1 ಎಂಎಂ ಲ್ಯಾಮಿನೇಟ್ ಅಂಟಿಸುವುದಿದ್ದರೆ ಇನ್ನೂ 2 ಕಳೆಯಬೇಕು, ಇದನ್ನು ಎಷ್ಟೋ ಜನ ಮರೀತಾರೆ, ಆಮೇಲೆ ಡ್ರಾ ಒಳಗೇ ಹೋಗಲ್ಲ. ಸಡಿಲವಾದರೆ ಚಾನೆಲ್ ಹಿಂದೆ ಲ್ಯಾಮಿನೇಟ್ ಚೂರು ಇಟ್ಟು ಸರಿ ಮಾಡಬಹುದು. ಬಿಗಿಯಾದರೆ ಡ್ರಾ ಪಕ್ಕವನ್ನೇ ಉಜ್ಜಬೇಕು, ಅದು ರಗಳೆ. ಅಂದಹಾಗೆ ಪ್ಲೈ ಮೇಲೆ 18 ಅಂತ ಅಚ್ಚು ಹಾಕಿದ್ದರೂ ಒಮ್ಮೆ ವರ್ನಿಯರ್ (ದಪ್ಪ ಅಳೆಯುವ ಕ್ಯಾಲಿಪರ್) ಇಟ್ಟು ನೋಡಿಬಿಡಿ.

ಗರಗಸವೂ ತಿನ್ನುತ್ತೆ. ಒಂದು ಕೊಯ್ತಕ್ಕೆ 3 ಎಂಎಂ, ಹತ್ತಿರ ಹತ್ತಿರ ಒಂದು ನೂಲು. ನಾಲ್ಕು ಅಡಿ ಅಗಲದಲ್ಲಿ ಒಂದೊಂದು ಅಡಿಯ ನಾಲ್ಕು ಹಲಗೆ ಬರಲ್ಲ. 1220ರಲ್ಲಿ ಮೂರು ಕೊಯ್ತದ 9 ಹೋದರೆ ಉಳಿಯೋದು 1211, ಹಲಗೆಗೆ 302. ಬೇಕಾದರೆ ಅಷ್ಟೇ ಕೇಳಿ.

ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತೆ ಅಂತ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಬೇಡಿ. ಅದು ತನ್ನ ದಪ್ಪದಷ್ಟೇ ಅಲ್ಲಾಡಬೇಕು. ಸಿಕ್ಕಿಸಿ ಎಳೆದರೂ ಗೋಡೆಗೆ ಒತ್ತಿದರೂ ಅಳತೆ ಒಂದೇ ಬರಲಿ ಅಂತಲೇ ಹಾಗೆ ಮಾಡಿರೋದು.

ಇನ್ನು ಕೆಲವು ಇಂಚುಗಳು ಅಳತೆಯೇ ಅಲ್ಲ, ಬರೀ ಹೆಸರು. ಅರ್ಧ ಇಂಚಿನ ನಲ್ಲಿ ತಗೊಂಡು ಅದರ ಥ್ರೆಡ್ ಮೇಲೆ ವರ್ನಿಯರ್ ಇಡಿ, ಸುಮಾರು 21 ಎಂಎಂ ಬರುತ್ತೆ. ಡಬ್ಬಿ ಮೇಲೆ ನೋಡಿದರೆ 15 ಎಂಎಂ. ಅರ್ಧ ಇಂಚಂತೂ 12.7. ಮೂರೂ ಬೇರೆ ಬೇರೆ, ಆದರೆ ನಲ್ಲಿ ಅದೇ! ಆ ಹೆಸರು ಬಂದಿದ್ದು ಪೈಪಿನ ಒಳಗಿನ ತೂತಿನಿಂದ. ಇಲ್ಲಿ ಲೆಕ್ಕ ಮಾಡಲು ಹೋಗಬೇಡಿ, ಹಳೇ ನಲ್ಲಿಯನ್ನೇ ಬಿಚ್ಚಿಕೊಂಡು ಅಂಗಡಿಗೆ ಹೋಗಿ.

ಬೋಲ್ಟಿನಲ್ಲಿ ಮಾತ್ರ ಎರಡನ್ನೂ ಬೆರೆಸಲೇಬೇಡಿ. ಹಳೇ ಮೆಷಿನ್ನಿನ 5/16 ಇಂಚಿನ ವಿಟ್‌ವರ್ತ್ (ಹಳೇ ಬ್ರಿಟಿಷ್ ಇಂಚಿನ ಥ್ರೆಡ್) ಬೋಲ್ಟು 7.94 ಎಂಎಂ ಇರುತ್ತೆ, ಕಣ್ಣಿಗೆ ಎಂ8 (8 ಎಂಎಂ ದಪ್ಪದ ಮೆಟ್ರಿಕ್ ಬೋಲ್ಟು) ಥರಾನೇ ಕಾಣುತ್ತೆ. ಎಂ8 ನಟ್ಟು ಹಾಕಿದರೆ ಎರಡು ಮೂರು ಸುತ್ತು ಆರಾಮಾಗಿ ಹೋಗುತ್ತೆ. ಆಮೇಲೆ ಬಿಗಿಯುತ್ತೆ. ಅಲ್ಲೇ ನಿಲ್ಲಿಸಿ. ಎಂ8ರಲ್ಲಿ ಒಂದು ಸುತ್ತು ತಿರುಗಿಸಿದರೆ ನಟ್ಟು 1.25 ಎಂಎಂ ಮುಂದೆ ಹೋಗುತ್ತೆ, ವಿಟ್‌ವರ್ತ್‌ನಲ್ಲಿ 1.41. ಪಾನ (ಸ್ಪ್ಯಾನರ್) ಹಾಕಿ ತಿರುಗಿಸಿದರೆ ಥ್ರೆಡ್ ಕಿತ್ತುಹೋಗುತ್ತೆ. ಅನುಮಾನ ಬಂದರೆ ಎಂ8 ಅಂತ ಖಾತ್ರಿ ಇರುವ ಒಂದು ಬೋಲ್ಟನ್ನು ಇದರ ಪಕ್ಕ ಥ್ರೆಡ್‌ಗೆ ಥ್ರೆಡ್ ಕೂರಿಸಿ ಬೆಳಕಿಗೆ ಹಿಡಿಯಿರಿ, ಸಂದಿ ಕಂಡರೆ ಜಾತಿ ಬೇರೆ. ಪಾನದಲ್ಲಿ 19 ಎಂಎಂ ಮತ್ತು ಮುಕ್ಕಾಲು ಇಂಚು ಹೆಚ್ಚುಕಮ್ಮಿ ಒಂದೇ, ನಡೆಯುತ್ತೆ. ಆದರೆ ಅರ್ಧ ಇಂಚಿನ ತಲೆಗೆ 13ರ ಪಾನ ಹಾಕಿ ಜೋರು ಮಾಡಿದರೆ ಮೂಲೆಗಳೆಲ್ಲ ಸವೆದು ತಲೆ ಉರುಟಾಗುತ್ತೆ. ನಾನು ಇಂಚಿನ ಬೋಲ್ಟುಗಳನ್ನೆಲ್ಲ ಬೇರೆ ಡಬ್ಬಿಗೆ ಹಾಕಿ ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ.