ಹಳೇ 944 ಟರ್ಬೊ: ರಬ್ಬರಿನ ವಯಸ್ಸು ನೋಡಿ ರಿಪೇರಿ

ಹಳೇ ಸ್ಪೋರ್ಟ್ಸ್ ಕಾರು ಇದೆ ಅಂದ ಕೂಡಲೇ ಜನ ಕೇಳುವುದು ಒಂದೇ, ಎಷ್ಟು ಕಿಲೋಮೀಟರ್ ಓಡಿದೆ ಅಂತ. ನನ್ನ 1986ರ ಪೋರ್ಷೆ 944 ಟರ್ಬೊ ವಿಷಯದಲ್ಲಿ ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನ್ನ ಕೈಗೆ ಬಂದಾಗಲೇ ಕಿಲೋಮೀಟರ್ ಎಣಿಸುವ ಮೀಟರ್ ನಿಂತುಹೋಗಿತ್ತು. ಈ ಕಾರುಗಳಲ್ಲಿ ಇದು ಮಾಮೂಲು. ಒಳಗೊಂದು ಪುಟ್ಟ ಪ್ಲಾಸ್ಟಿಕ್ ಗೇರ್ ಇದೆ, ವಯಸ್ಸಾದರೆ ಪುಡಿಪುಡಿ ಆಗುತ್ತದೆ. ಸ್ಪೀಡ್ ತೋರಿಸುವ ಮುಳ್ಳು ಮಾತ್ರ ಆರಾಮಾಗಿ ಏಳುತ್ತಿರುತ್ತದೆ, ಹಾಗಾಗಿ ಎಷ್ಟೋ ಜನ ಗಮನಿಸುವುದೇ ಇಲ್ಲ. ಗೇರ್ ಬದಲಿಸಿದೆ, ಮೀಟರ್ ಓಡಿತು. ಆದರೂ ಅದರಲ್ಲಿರುವ ಅಂಕಿಯನ್ನು ನಾನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ನಾನು ನೋಡುವುದು ವರ್ಷ. ಈ ಕಾರಿನ ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿ. ಕೈ ಕೊಡುವುದು ರಬ್ಬರ್, ಪ್ಲಾಸ್ಟಿಕ್, ಮತ್ತೆ ಎಲೆಕ್ಟ್ರಿಕ್ ಭಾಗಗಳನ್ನು ಬೆಸೆಯುವ ಸೋಲ್ಡರ್. ಅವು ಕಾರು ಓಡದಿದ್ದರೂ ನಿಂತಲ್ಲೇ ಹಾಳಾಗುತ್ತವೆ.

944 ತಯಾರಾಗಿದ್ದು 1982ರಿಂದ 1991ರವರೆಗೆ. ಎಲ್ಲ ಮಾದರಿ ಸೇರಿ 1 ಲಕ್ಷ 60 ಸಾವಿರಕ್ಕೂ ಜಾಸ್ತಿ ಕಾರು ಬಂದವು. ಅದಕ್ಕೇ ಇವತ್ತಿಗೂ ಬಿಡಿಭಾಗ ಸಿಗುತ್ತವೆ. ಟರ್ಬೊದಲ್ಲಿ ಇರುವುದು 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 220 ಅಶ್ವಶಕ್ತಿ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ. ಓಡಿಸಲು ಎಷ್ಟು ಚೆನ್ನವೋ, ಕ್ಲಚ್ ಬಿಚ್ಚಲು ಅಷ್ಟೇ ತಲೆನೋವು.

ಮೊದಲ ಕೆಲಸ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನು, ವಾಲ್ವುಗಳ ಓಟವನ್ನು ಹೊಂದಿಸುವ ಹಲ್ಲಿನ ರಬ್ಬರ್ ಪಟ್ಟಿ. ಇದರಲ್ಲಿ ಮಾತೇ ಇಲ್ಲ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಬಂದು ವಾಲ್ವುಗಳಿಗೆ ಬಡಿಯುತ್ತದೆ, ವಾಲ್ವು ಬಗ್ಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕಾಗುತ್ತದೆ. ಮಾರಿದವರು ಬೆಲ್ಟ್ ಹೊಸದು ಅಂದರೆ ಬಿಲ್ ತೋರಿಸಿ ಅನ್ನಿ. ಬಿಲ್ ಇಲ್ಲ ಅಂದರೆ ಹಳೇದು ಅಂತಲೇ ತಿಳಿಯಿರಿ. ನಾನು ಮೀಟರ್ ನೋಡುವುದಿಲ್ಲ. ಓಡಲಿ, ಸುಮ್ನೆ ನಿಂತಿರಲಿ, ನಾಲ್ಕು ವರ್ಷಕ್ಕೊಮ್ಮೆ ಬೆಲ್ಟ್ ಬದಲಾಗಲೇಬೇಕು. ವಾಟರ್ ಪಂಪ್ ತಿರುಗುವುದು ಇದೇ ಬೆಲ್ಟಿನ ಬೆನ್ನಿನ ಮೇಲೆ. ಹಾಗಾಗಿ ಪಂಪ್, ರೋಲರ್‌ಗಳು, ಮುಂದಿನ ಆಯಿಲ್ ಸೀಲ್‌ಗಳು ಎಲ್ಲವನ್ನೂ ಒಟ್ಟಿಗೇ ಹಾಕಿದೆ. ಸೋರುವ ಸೀಲಿನ ಎಣ್ಣೆ ಬೆಲ್ಟಿಗೆ ತಾಗಿದರೆ ಹೊಸ ಬೆಲ್ಟ್ ಹಾಕಿಯೂ ಪ್ರಯೋಜನವಿಲ್ಲ, ಅಲ್ವಾ?

ಬೆಲ್ಟ್ ಎರಡಿವೆ. ಎರಡನೆಯದು ಬ್ಯಾಲೆನ್ಸ್ ಶಾಫ್ಟ್ ಬೆಲ್ಟ್. ಇಷ್ಟು ದೊಡ್ಡ ನಾಲ್ಕು ಸಿಲಿಂಡರ್ ಎಂಜಿನ್ ತಾನಾಗಿಯೇ ನಡುಗುತ್ತದೆ. ಆ ನಡುಕ ತಗ್ಗಿಸಲು ಎಂಜಿನ್ನಿನ ಅಕ್ಕಪಕ್ಕ, ಒಂದು ಮೇಲೆ ಒಂದು ಕೆಳಗೆ, ಎರಡು ಶಾಫ್ಟ್ ಇಟ್ಟಿದ್ದಾರೆ. ಈ ವ್ಯವಸ್ಥೆಯನ್ನು ಪೋರ್ಷೆ ತೆಗೆದುಕೊಂಡದ್ದು ಮಿತ್ಸುಬಿಷಿಯ ಲೈಸೆನ್ಸ್ ಮೇಲೆ. ಶಾಫ್ಟ್‌ಗಳು ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತುತ್ತವೆ. ಅದಕ್ಕೇ ಈ ಬೆಲ್ಟಿಗೆ ಎರಡೂ ಬದಿ ಹಲ್ಲು.

ನನ್ನ ಕಾರಿನಲ್ಲಿ ಐಡಲ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ವೇಗ ಏರಿದಂತೆ ಸ್ಟಿಯರಿಂಗ್, ಗೇರ್ ಲಿವರ್ ಎರಡೂ ಜುಮ್ ಅನ್ನುತ್ತಿದ್ದವು. ಎಂಜಿನ್ ಕೂರುವ ರಬ್ಬರಿನ ಆಸರೆ, ಅಂದರೆ ಎಂಜಿನ್ ಮೌಂಟ್, ಹೋಗಿದೆ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ್ದರು. ಹಳೇ ಮೌಂಟ್ ಕುಸಿಯುವುದು ಇದರಲ್ಲಿ ಸಾಮಾನ್ಯವೇ, ಅವರ ಮಾತು ತಪ್ಪೇನಲ್ಲ. ಆದರೆ ಕವರ್ ತೆಗೆದಾಗ ಕಂಡದ್ದು ಬೇರೆ. ಎರಡು ಬ್ಯಾಲೆನ್ಸ್ ಶಾಫ್ಟಿನ ಗೇರ್‌ಗಳೂ ಒಂದೇ ಥರ ಇರುತ್ತವೆ. ಪ್ರತಿ ಗೇರಿಗೂ ಕೀ (ಗೇರನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡು) ಕೂರುವ ಸಂದು ಎರಡು, ಒಂದು ಮೇಲಿನ ಶಾಫ್ಟಿಗೆ, ಇನ್ನೊಂದು ಕೆಳಗಿನದಕ್ಕೆ. ಹಿಂದೆ ಯಾರೋ ಕೆಳಗಿನ ಗೇರನ್ನು ಮೇಲಿನ ಸಂದಿಗೆ ಕೂರಿಸಿದ್ದರು. ಗೇರಿನ ಗುರುತು, ಹಿಂದಿನ ಕವರಿನ ಗುರುತು ಎರಡೂ ನೇರವಾಗೇ ಇದ್ದವು. ಶಾಫ್ಟ್ ಮಾತ್ರ ಬೇರೆ ಕಡೆ ತಿರುಗಿತ್ತು. ನಡುಕ ತಗ್ಗಿಸಬೇಕಾದದ್ದೇ ನಡುಕ ಹೆಚ್ಚಿಸುತ್ತಿತ್ತು.

ಬೆಲ್ಟ್ ಕೆಲಸ ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಮುಂದಿನ ಫ್ಯಾನ್, ಹೊರಗಿನ ಬೆಲ್ಟ್‌ಗಳು, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ತೆಗೆದು ದಾರಿ ಮಾಡಿಕೊಳ್ಳಬೇಕು. ಕ್ರ್ಯಾಂಕ್ ಬೋಲ್ಟ್ 210 ನ್ಯೂಟನ್ ಮೀಟರ್ ಬಿಗಿ ಇರುತ್ತದೆ. ಸ್ಟಾರ್ಟರ್ ಮೋಟರ್ ತೆಗೆದು, ಆ ಜಾಗದಲ್ಲಿ ಫ್ಲೈವೀಲ್ ಲಾಕ್ ಹಾಕದೆ ಅದು ಬಿಚ್ಚುವ ಮಾತೇ ಇಲ್ಲ. ಗೇರ್ ಹಾಕಿ, ಬ್ರೇಕ್ ತುಳಿದು ಬಿಚ್ಚುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಬೆಲ್ಟ್ ಕೂರಿಸಿದ ಮೇಲೆ ಎಂಜಿನ್ನನ್ನು ಕೈಯಲ್ಲೇ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಮಾತ್ರ, ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡುತ್ತೇನೆ. ಎಲ್ಲೂ ತಡೆ ಸಿಗಬಾರದು. ತಡೆ ಸಿಕ್ಕಿತೋ, ಅಲ್ಲೇ ನಿಲ್ಲಿಸಬೇಕು.

ಬೆಲ್ಟಿನ ಬಿಗಿ ನೋಡಲು ಗೇಜ್ ಬೇಕು. 1987ರ ಮಾದರಿಯಿಂದ ಬಿಗಿ ಹೊಂದಿಸುವ ಸ್ಪ್ರಿಂಗ್ ಟೆನ್ಷನರ್ ಬಂತು, ನನ್ನದಕ್ಕೆ ಅದಿಲ್ಲ. ಬೆರಳಲ್ಲಿ ತಿರುಚಿ ನೋಡಿ ಸಾಕು ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಅಳೆಯಬೇಕು, ಬಿಸಿಯಾದರೆ ಬ್ಲಾಕ್ ಹಿಗ್ಗಿ ಬಿಗಿ ಜಾಸ್ತಿ ತೋರಿಸುತ್ತದೆ. ಹೊಸ ಬೆಲ್ಟ್ ಸ್ವಲ್ಪ ಸಡಿಲವಾಗುವುದು ಸಹಜ, ಸುಮಾರು 3,000 ಕಿಲೋಮೀಟರಿಗೆ ಮತ್ತೊಮ್ಮೆ ಅಳೆಯಬೇಕು. ಇದೊಂದಕ್ಕೆ ಮಾತ್ರ ನನಗೆ ಕಿಲೋಮೀಟರ್ ಮೀಟರ್ ಬೇಕು!

ಪೆಟ್ರೋಲ್ ಹೋಸ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಬಿಸಿ ಎಂಜಿನ್ನಿನ ಮೇಲೆ ಒತ್ತಡದ ಪೆಟ್ರೋಲ್ ಹರಿಯುತ್ತಿದೆ, ಹೋಸ್ ಹಳೇದು. ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು. ಬದಲಿಸಿದೆ. ಕಾರು ತಂದ ವಾರವೇ ಮಾಡಬೇಕಾದ ಕೆಲಸ ಇದು.

ಸ್ಟಾರ್ಟ್ ಆಗದ ದಿನ ನಾನು ಮೊದಲು ನೋಡುವುದು ಆರ್‌ಪಿಎಂ ಮುಳ್ಳು. ಕೀ ತಿರುಗಿಸಿ ಸ್ಟಾರ್ಟರ್ ಸುತ್ತುವಾಗ ಆ ಮುಳ್ಳು ಸ್ವಲ್ಪ ಅಲುಗಾಡಬೇಕು. ಸತ್ತಂತೆ ಬಿದ್ದಿದ್ದರೆ ಕ್ಲಚ್ ಹೌಸಿಂಗ್ ಮೇಲಿರುವ, ಎಂಜಿನ್ನಿನ ವೇಗ, ಸ್ಥಾನ ತಿಳಿಸುವ ಸ್ಪೀಡ್ ಸೆನ್ಸರ್, ರೆಫರೆನ್ಸ್ ಸೆನ್ಸರ್ ಮೇಲೆ ಅನುಮಾನ. ಅವುಗಳ ಕನೆಕ್ಟರ್ ಪ್ಲಾಸ್ಟಿಕ್ ಮುಟ್ಟಿದರೆ ಮುರಿಯುತ್ತದೆ. ಮುಳ್ಳು ಅಲುಗಾಡಿಯೂ ಎಂಜಿನ್ ಹತ್ತಲಿಲ್ಲ ಅಂದರೆ ಡಿಎಂಇ (ಎಂಜಿನ್ ಕಂಪ್ಯೂಟರ್) ರಿಲೇ ಮೇಲೆ ಅನುಮಾನ. ಎಂಜಿನ್ ಕಂಪ್ಯೂಟರಿಗೂ ಫ್ಯೂಯಲ್ ಪಂಪಿಗೂ ಕರೆಂಟ್ ಕೊಡುವುದು ಇದೊಂದೇ. ಒಳಗಿನ ಸೋಲ್ಡರ್‌ನಲ್ಲಿ ಸುತ್ತಲೂ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಕೈ ಕೊಡುತ್ತದೆ. ಒಂದು ಹೊಸ ರಿಲೇ ಯಾವಾಗಲೂ ಗ್ಲವ್ ಬಾಕ್ಸಿನಲ್ಲಿ ಇರಲಿ.

ಬ್ರೇಕ್ ಕೆಲಸ ನನಗೆ ತುಂಬಾ ಇಷ್ಟವಾಯಿತು. ಟರ್ಬೊದಲ್ಲಿ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವುದು ನಾಲ್ಕು ಪಿಸ್ಟನ್ನಿನ ಅಲ್ಯೂಮಿನಿಯಂ ಕ್ಯಾಲಿಪರ್. ಪ್ಯಾಡ್ ಜಾರುವ ಕಡೆ ತೆಳ್ಳನೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಇರುತ್ತದೆ. ಪಟ್ಟಿಯ ಅಡಿಯಲ್ಲಿ ಅಲ್ಯೂಮಿನಿಯಂ ತುಕ್ಕು ಹಿಡಿದು ಉಬ್ಬುತ್ತದೆ, ಪಟ್ಟಿ ಮೇಲೇಳುತ್ತದೆ, ಪ್ಯಾಡ್ ಸಿಕ್ಕಿಹಾಕಿಕೊಳ್ಳುತ್ತದೆ. ಹಳೇ ಪ್ಯಾಡ್ ಹೊರಗೆ ಬರಲು ಒದ್ದಾಡಿದರೆ, ಹೊಸದು ಒಳಗೆ ಹೋಗದಿದ್ದರೆ ಕಾರಣ ಇದೇ. ಪ್ಯಾಡನ್ನು ಉಜ್ಜಿ ಚಿಕ್ಕದು ಮಾಡಿ ತೂರಿಸುವವರನ್ನು ನೋಡಿದ್ದೇನೆ. ಅದು ರಿಪೇರಿಯಲ್ಲ. ಪಟ್ಟಿಯ ಚಿಕ್ಕ ಅಲೆನ್ ಸ್ಕ್ರೂಗಳು ಸುಲಭಕ್ಕೆ ಬರುವುದಿಲ್ಲ. ನಾನು ಬಿಸಿ ಗಾಳಿ ಹಾಕಿ, ಅಲೆನ್ ಕೀಯ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಮೇಲೆ ತಿರುಗಿಸಿದೆ. ಪಟ್ಟಿ ಎತ್ತಿದರೆ ಅಡಿಯಲ್ಲಿ ಸುಣ್ಣದ ಪುಡಿಯ ಹಾಗೆ ಬಿಳಿ ತುಕ್ಕು. ಅಲ್ಯೂಮಿನಿಯಂ ಹೊಳೆಯುವವರೆಗೆ ಕೆರೆದು, ಸ್ವಚ್ಛ ಮಾಡಿ, ಹೊಸ ಸ್ಕ್ರೂ ಹಾಕಿ ಕೂರಿಸಿದೆ. ಪ್ಯಾಡ್ ಬೆರಳಿನ ಒತ್ತಡಕ್ಕೇ ಜಾರಿತು. ಅಲ್ಲಿಯವರೆಗೆ ಒಂದು ಚಕ್ರ ಬೇರೆಲ್ಲಕ್ಕಿಂತ ಬಿಸಿಯಾಗುತ್ತಿತ್ತು, ಅದೂ ನಿಂತಿತು.

ಟರ್ಬೊ ಇರುವವರಿಗೆ ಒಂದು ಮಾತು. ಎಂಜಿನ್ ಆಫ್ ಮಾಡಿದ ಮೇಲೆ ಚಿಕ್ಕ ಎಲೆಕ್ಟ್ರಿಕ್ ಪಂಪ್ ಅರ್ಧ ನಿಮಿಷದ ಹತ್ತಿರ ಗುಂಯ್ ಅನ್ನುತ್ತಾ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಯಂತ್ರಕ್ಕೆ ಕೂಲಂಟ್ (ತಂಪು ಮಾಡುವ ದ್ರವ) ಹರಿಸುತ್ತದೆ. ಆ ಸದ್ದು ಕೇಳಿಸದಿದ್ದರೆ ಪಂಪ್ ನೋಡಿ. ಇಲ್ಲದಿದ್ದರೆ ಬಿಸಿ ಟರ್ಬೊದೊಳಗೆ ಎಣ್ಣೆ ಸುಟ್ಟು ಕರಕಲಾಗಿ, ಬೇರಿಂಗ್ ಹೋಗುತ್ತದೆ.

ಈಗ ಬಾಕಿ ಇರುವುದು ಕ್ಲಚ್. ಹಳೇ ಕ್ಲಚ್ ಪ್ಲೇಟಿನ ನಡುವೆ ಇರುವುದೂ ರಬ್ಬರೇ. ಅದು ಹರಿದರೆ ಪೆಟ್ರೋಲ್ ಕೊಟ್ಟಾಗ ಧಡ್ ಅಂತ ಬಡಿತ ಕೇಳಿಸುತ್ತದೆ, ನನ್ನದರಲ್ಲಿ ಅದು ಶುರುವಾಗಿದೆ. ಎಕ್ಸಾಸ್ಟ್ ಇಳಿಸಿ, ಗೇರ್‌ಬಾಕ್ಸ್ ಬಿಚ್ಚಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕೊಳವೆಯಾದ ಟಾರ್ಕ್ ಟ್ಯೂಬ್ ಹಿಂದೆ ಸರಿಸಿದರೆ ಮಾತ್ರ ಕ್ಲಚ್ ಕೈಗೆ ಸಿಗುತ್ತದೆ. ಅಷ್ಟು ಬಿಚ್ಚಿದ ಮೇಲೆ ಬರೀ ಪ್ಲೇಟ್ ಹಾಕಿ ಮುಚ್ಚುವುದು ದಡ್ಡತನ. ಸ್ಪ್ರಿಂಗ್ ಇರುವ ಹೊಸ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್, ಆ ಎರಡು ಸೆನ್ಸರ್ ಎಲ್ಲವನ್ನೂ ಮೊದಲೇ ತರಿಸಿಟ್ಟಿದ್ದೇನೆ. ಸೆನ್ಸರ್ ಕೂರಿಸುವಾಗ ಫ್ಲೈವೀಲಿಗೂ ಅದಕ್ಕೂ 0.8 ಮಿಲಿಮೀಟರ್ ಅಂತರ ಬಿಡಬೇಕು. ಆ ಅಳತೆಯ ವಾಷರ್ ಕೂಡ ಅದೇ ಡಬ್ಬಿಯಲ್ಲಿದೆ.